ಡಿಸ್ಕ್ ಬ್ರೇಕಿಗೆ ಕೊಬ್ಬರಿ ಎಣ್ಣೆ

ಕಳೆದ ಭಾನುವಾರ ಬೆಳಿಗ್ಗೆ ಕುಮಾರಸ್ವಾಮಿ ಲೇಔಟಿನ ಇಳಿಜಾರಿನಲ್ಲಿ ಸೈಕಲ್ಲಿನ ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿದೆ. ಸೈಕಲ್ಲು ಕಿರುಚಿತು. ನಿಲ್ಲಲಿಲ್ಲ.

ಹ್ಯಾಂಡಲ್ಲಿಗೆ ತೂಗುಹಾಕಿದ ಡಬ್ಬಿಯಲ್ಲಿ ನುಗ್ಗೆಕಾಯಿ ಹುಳಿ ಇತ್ತು. ಆ ಹುಳಿಯ ಮೇಲೆ ನನ್ನ ಸೈಕಲ್ಲಿನ ಭವಿಷ್ಯ ನಿಂತಿತ್ತು. ಹೇಗೆ ಅಂತೀರಾ?

ತಿಂಗಳ ಹಿಂದೆ, ಅರವತ್ತೊಂದನೆಯ ವಯಸ್ಸಿನಲ್ಲಿ, ನಾನೊಂದು ಮೌಂಟೇನ್ ಬೈಕು ಕೊಂಡೆ. (ಬೆಟ್ಟ ಎಲ್ಲಿದೆ ಎಂದು ಕೇಳಬೇಡಿ. ನಮ್ಮ ರಸ್ತೆಯಲ್ಲಿ ಕಣಿವೆಗಳಂತೂ ಇವೆ.) ಅಗ್ಗದ್ದೇ. ಈ ಜಾತಿಗೆ ಹಾರ್ಡ್‌ಟೇಲ್ ಎನ್ನುತ್ತಾರೆ. ಮುಂದಿನ ಚಕ್ರಕ್ಕೆ ಸಸ್ಪೆನ್ಷನ್ ಉಂಟು, ಹಿಂದಿನದಕ್ಕಿಲ್ಲ. ಅಂದರೆ ಗುಂಡಿ ಸಿಕ್ಕಾಗ ಕೈಗಳು ಅದನ್ನು ಕ್ಷಮಿಸಿಬಿಡುತ್ತವೆ. ಸೀಟಿನ ಮೇಲಿರುವ ಭಾಗ ಮಾತ್ರ ಪೂರ್ತಿ ಶಿಕ್ಷೆ ಅನುಭವಿಸುತ್ತದೆ.

ಗುಣಗಳಿಲ್ಲವೇ? ಧಾರಾಳವಾಗಿವೆ. ಟೈರು ದಪ್ಪ; ಹಂಪು, ಜಲ್ಲಿ, ಅಗೆದು ಬಿಟ್ಟ ರಸ್ತೆ, ಯಾವುದಕ್ಕೂ ಜಗ್ಗುವುದಿಲ್ಲ. ಫ್ರೇಮು ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಷ್ಟು ಗಟ್ಟಿ. (ತೂಕವೂ ಅಷ್ಟೇ.) ಗೇರು ಇಪ್ಪತ್ತೊಂದು. ನಾನು ಬಳಸುವುದು ಎರಡು. ಆದರೆ ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡಿಲ್ಲ, ಬೆಲ್ಲೂ ಇಲ್ಲ.

“ಇದಕ್ಕೆ ಅದನ್ನೆಲ್ಲ ಹಾಕಿದ್ರೆ ಗಾಡಿ ಮರ್ಯಾದೆ ಹೋಗತ್ತೆ ಸಾರ್” ಎಂದರು ಅಂಗಡಿಯವರು. ನನ್ನ ಮರ್ಯಾದೆಯ ಬಗ್ಗೆ ಅವರು ಏನೂ ಹೇಳಲಿಲ್ಲ.

ಸ್ಟ್ಯಾಂಡಿಲ್ಲದ ಸೈಕಲ್ಲು ವಾಷಿಂಗ್ ಮಷೀನಿಗೆ ಒರಗಿ ನಿಂತಿತು. ನನ್ನ ಹೆಂಡತಿ ಸರೋಜ ಹದಿನೈದು ದಿನ ಸಹಿಸಿ, ಹದಿನಾರನೆಯ ದಿನ ತೀರ್ಪು ಕೊಟ್ಟಳು.

“ರೀ, ಭಾನುವಾರ ಹುಳಿಮಾವಿಗೆ ಹೋಗಿ ನಮ್ಮ ಗೀತಂಗೆ ಹುಳಿ ಕೊಟ್ಟು ಬನ್ನಿ. ಇದೇ ಸೈಕಲ್ಲಲ್ಲಿ. ಒಂದು ಹನಿ ಚೆಲ್ಲದೆ ಹೋದ್ರೆ ಸೈಕಲ್ ಇರ್ಲಿ. ಚೆಲ್ತೋ, ಸೋಮವಾರವೇ ಮಾರಿಬಿಡಿ.”

ಗೀತ ಅವಳ ತಂಗಿ. ಅಂದರೆ ಪರೀಕ್ಷೆ ಬರೆಸುವವಳು ಅಕ್ಕ, ಪೇಪರ್ ತಿದ್ದುವವಳು ತಂಗಿ.

ಇಂಥ ಪರೀಕ್ಷೆಗೆ ಪೂಜೆಯಿಲ್ಲದೆ ಹೋಗುವುದುಂಟೇ? ಆಯುಧಪೂಜೆಗೆ ನಮ್ಮಪ್ಪ ತಮ್ಮ ಸೈಕಲ್ಲಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಕನ್ನಡಿ ಮಾಡುತ್ತಿದ್ದರು. ಶನಿವಾರ ಸಂಜೆ ನಾನೂ ತಿಕ್ಕಿದೆ. ಎರಡೂ ಚಕ್ರಗಳ ನಟ್ಟನಡುವೆ ಒಂದೊಂದು ಹೊಳೆಯುವ ಉಕ್ಕಿನ ತಟ್ಟೆ ಕಂಡಿತು. ಆಹಾ, ಕುಂಕುಮ ಇಡಲೆಂದೇ ಕಂಪನಿಯವರು ಕೊಟ್ಟಂತಿತ್ತು! ಅದಕ್ಕೆ ವಿಶೇಷ ಎಣ್ಣೆ, ಅರಿಶಿನ, ಕುಂಕುಮ. ಚಕ್ರದಡಿ ನಿಂಬೆಹಣ್ಣು. ಮಂಗಳಾರತಿ.

ಆ ತಟ್ಟೆಯೇ ಬ್ರೇಕು, ಅದನ್ನು ಅಮುಕಿ ಹಿಡಿದೇ ಗಾಡಿ ನಿಲ್ಲುವುದು, ಅದಕ್ಕೆ ಎಣ್ಣೆಯ ಹನಿಯೂ ತಾಕಬಾರದು ಎಂಬ ಜ್ಞಾನ ನನಗೆ ಇಳಿಜಾರಿನ ಅರ್ಧದಲ್ಲಿ ಉದಯವಾಯಿತು.

ಎದುರಿಗೆ ಆಟೋ.

“ಅಂಕಲ್! ಬೆಲ್ ಇಲ್ವಾ?”

“ಬ್ರೇಕೂ ಇಲ್ಲಪ್ಪಾ!”

“ಹಂಗಾದ್ರೆ ಹೋಗಿ, ನೀವೇ ಮೊದ್ಲು ಹೋಗಿ!”

ಬೆಂಗಳೂರಿನಲ್ಲಿ ಆಟೋದವರೊಬ್ಬರು ನನಗೆ ದಾರಿ ಬಿಟ್ಟಿದ್ದು ಅದೇ ಮೊದಲು. ನಿಜ ಹೇಳಲಾ? ಭಯದ ಜೊತೆಗೇ ನಗು ಉಕ್ಕಿತು. ಕಿವಿಯಲ್ಲಿ ಗಾಳಿ, ಬ್ರೇಕಿನ ನಾದಸ್ವರ, ಪಂಚೆಯುಟ್ಟ ಹಿರಿಯರೊಬ್ಬರು ಫುಟ್‌ಪಾತಿಗೆ ನೆಗೆದ ಚಂದ! ಒಂದು ಕ್ಷಣ ನನಗೆ ಹನ್ನೊಂದು ವರ್ಷ.

ಇಳಿಜಾರು ಮುಗಿಯುವಲ್ಲಿ ಮನೆ ಕಟ್ಟಲು ಸುರಿಸಿದ್ದ ಮರಳಿನ ರಾಶಿ. ಹ್ಯಾಂಡಲ್ ತಿರುಗಿಸಿದೆ. ಮೌಂಟೇನ್ ಬೈಕು ಕೊನೆಗೂ ಒಂದು ಬೆಟ್ಟ ಹತ್ತಿತು. ಮುಂದಿನ ಸಸ್ಪೆನ್ಷನ್ ಗಂಭೀರವಾಗಿ ಬಗ್ಗಿ ನಮಸ್ಕಾರ ಮಾಡಿ ಮತ್ತೆ ಎದ್ದಿತು. ಹಿಂದಿನ ಚಕ್ರ ಯಾವ ಸೌಜನ್ಯವೂ ಇಲ್ಲದೆ ನನ್ನನ್ನು ಎತ್ತಿ ಪಕ್ಕಕ್ಕೆ ಇಟ್ಟಿತು. ಸೈಕಲ್ಲು ಮಾತ್ರ ಮರಳಿನಲ್ಲಿ ಹೂತು ನೆಟ್ಟಗೆ ನಿಂತಿತ್ತು, ಸ್ಟ್ಯಾಂಡಿಲ್ಲದೆ.

“ಏನ್ ಸಾರ್ ಇದು, ನಿನ್ನೆ ತಾನೇ ಒಟ್ಟು ಮಾಡ್ಸಿದ್ವಿ!” ಗೇಟಿನ ಒಳಗಿಂದ ಮನೆಯ ಯಜಮಾನಿ.

ನಾನು ಮೊದಲು ನೋಡಿಕೊಂಡದ್ದು ಡಬ್ಬಿಯನ್ನು. ಮೂಳೆಗಳನ್ನು ಆಮೇಲೆ.

ಮಿಕ್ಕ ದಾರಿಗೆಲ್ಲ ಚಪ್ಪಲಿಯೇ ಬ್ರೇಕು. ಜೆ.ಪಿ. ನಗರ ದಾಟಿ ಹುಳಿಮಾವು ಮುಟ್ಟುವಷ್ಟರಲ್ಲಿ ಅದು ಅರ್ಧ ಸವೆದಿತ್ತು. ಗೀತ ಡಬ್ಬಿ ತೆರೆದು, ಅಂಚನ್ನು ಬೆರಳಿನಿಂದ ಒರೆಸಿ ಪರೀಕ್ಷಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಕ್ಕನಿಗೆ ಫೋನ್ ಮಾಡಿದಳು.

“ಹುಳಿ ಒಂದು ಹನಿ ಚೆಲ್ಲಿಲ್ಲ ಕಣೇ ಅಕ್ಕ. ಭಾವನೇ ಸ್ವಲ್ಪ ಚೆಲ್ಲಿದಾರೆ.”

“ಹಂಗಾದ್ರೆ ಸೈಕಲ್ ಪಾಸು” ಎಂದಳು ಸರೋಜ, ಸ್ಪೀಕರಿನಲ್ಲಿ. “ಮುಂದಿನ ವಾರ ಪಾಯಸ ಕಳಿಸ್ತೀನಿ.”

ನಾನು ಮೂರು ದಿನದಿಂದ ದಿಂಬಿನ ಮೇಲೆ ಕೂತು, ಗೆದ್ದವನ ಗತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಲ್ಲ, ಒಪ್ಪಂದದಲ್ಲಿ ಸೀಟಿನ ಮೇಲೆ ಕೂತವನ ಬಗ್ಗೆಯೂ ಒಂದು ಷರತ್ತು ಹಾಕಿಸಬೇಕಿತ್ತಲ್ಲವೇ?