ಗೆದ್ದಲು ತಿನ್ನದ ಪುಸ್ತಕ

ನಿಮ್ಮ ಮಗನ ಪುಸ್ತಕವನ್ನು ಗೆದ್ದಲು ತಿಂದಿರಲಿಲ್ಲ, ಡೊರೊತಿ ಬಾಯಿ. ನಾನು ಸುಳ್ಳು ಹೇಳಿದೆ. ನೀವು ನಮ್ಮ ಶಾಲೆಯ ಬೆಂಚಿನ ಮೇಲೆ ಕೂತು ಆ ಪುಸ್ತಕ ಕೇಳಿದಾಗ ಅದು ಕಬ್ಬಿಣದ ಟ್ರಂಕಿನಲ್ಲಿತ್ತು — ಮತ್ತು ನಾನು ಆ ಟ್ರಂಕಿನ ಮೇಲೆಯೇ ಕೂತಿದ್ದೆ.

ಈ ಪತ್ರವನ್ನು ನಿಮಗೆ ಯಾರಾದರೂ ಓದಿ ಹೇಳಬೇಕಾದೀತು. ನನಗೆ ಇಂಗ್ಲಿಷ್ ಬರುವುದಿಲ್ಲ. ಇದಿಷ್ಟನ್ನು ಅಂದೇ ಹೇಳಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಬೆಳಗಾವಿಯ ಫೌಂಡ್ರಿಯೊಂದು ಇಂಗ್ಲೆಂಡಿನ ನಿಮ್ಮ ಕಂಪನಿಗೆ ಎರಕದ ಬಿಡಿಭಾಗ ಮಾಡಿ ಕಳಿಸುತ್ತಿತ್ತು. ನಿಮ್ಮ ಆಫೀಸಿನ ಟೈಪಿಸ್ಟರು, ಗುಮಾಸ್ತರು ಸೇರಿ, ಇಲ್ಲಿಯ ಬಡ ಮಕ್ಕಳು ಓದು ಕಲಿಯಲಿ ಎಂದು ನಿಮ್ಮ ಮಕ್ಕಳು ಓದಿ ಬಿಟ್ಟ ಪುಸ್ತಕಗಳನ್ನು ಎರಡು ಪೆಟ್ಟಿಗೆ ತುಂಬಿ ಹಡಗಿಗೆ ಹಾಕಿದಿರಿ. ಫೌಂಡ್ರಿಯ ಗುಮಾಸ್ತ ಭರತೇಶರು ಆ ಪೆಟ್ಟಿಗೆಗಳನ್ನು ಖಾನಾಪುರ ತಾಲೂಕಿನ ನಮ್ಮ ಕನ್ನಡ ಶಾಲೆಗೆ ತಂದಿಳಿಸಿದರು. ಹಲಸಿಯ ಹತ್ತಿರದ ಹಳ್ಳಿ, ಎರಡು ಕೋಣೆ, ನಾನೊಬ್ಬಳೇ ಶಿಕ್ಷಕಿ, ಊರಿಗೆಲ್ಲ ಅಕ್ಕಾರು.

"ಇಂಗ್ಲೀಷ್ ಪುಸ್ತಕ ಅದಾವ್ರಿ ಅಕ್ಕಾರ, ಹುಡುಗೂರಿಗೆ ಓದಿ ಹೇಳ್ರಿ," ಎಂದರು ಭರತೇಶ.

"ಹೇಳೂಣಂತ ಬಿಡ್ರಿ," ಎಂದೆ. ಎಷ್ಟು ಸಲೀಸಾಗಿ ಎಂದೆ.

ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಶಿಕ್ಷಕಿಯಾದವಳು. ಎ ಬಿ ಸಿ ಡಿ ಗುರುತಿತ್ತು, ಅಷ್ಟೇ. ಮನೆಯಲ್ಲಿ ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ನನ್ನ ಮಕ್ಕಳ ಕೈಗೆ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಸಿಗುತ್ತಿರಲಿಲ್ಲ. ಎದುರಿಗೆ ನೋಡಿದರೆ ಬಣ್ಣಬಣ್ಣದ ರಾಶಿ — ಮುಚ್ಚಿ ಅಟ್ಟಕ್ಕೆ ಹಾಕಲೇ? ಮೈದಾಹಿಟ್ಟು ಕುದಿಸಿ ಅಂಟು ಮಾಡಿದೆ. ಚಿತ್ರ ನೋಡಿ ನನಗೆ ತೋಚಿದ ಕತೆ ಕಟ್ಟಿದೆ, ಚೀಟಿಗಳಲ್ಲಿ ದುಂಡಗೆ ಕನ್ನಡದಲ್ಲಿ ಬರೆದೆ, ಇಂಗ್ಲಿಷ್ ಸಾಲುಗಳ ಮೇಲೆ ಅಂಟಿಸಿದೆ. ಒಂದಲ್ಲ, ಎಲ್ಲ ಪುಸ್ತಕಕ್ಕೂ. ಒಂದು ಇಡೀ ಮಳೆಗಾಲ ಹಿಡಿಯಿತು.

ಚೀಲ ಹೊತ್ತು ಗುಡ್ಡ ಇಳಿಯುವ ಆ ಮೊಲ, ನಿಮ್ಮ ಕತೆಯಲ್ಲಿ ಎಲ್ಲಿಗೆ ಹೊರಟಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಕತೆಯಲ್ಲಿ ಅದು ಪೀರನವಾಡಿಯ ಚಿಗವ್ವನ ಮನೆಗೆ ಹೊರಟು, ಬಸ್ಸು ಹತ್ತಿ, ಮೊಲಕ್ಕೆ ಅರ್ಧ ಟಿಕೀಟೋ ಪೂರಾ ಟಿಕೀಟೋ ಎಂದು ಕಂಡಕ್ಟರನ ಜೊತೆ ಜಗಳ ತೆಗೆಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೂರನೇ ಇಯತ್ತೆಗೆ ಬಂದರೂ ಅಕ್ಷರ ಕೂಡಿಸಲಾರದ ಕಸ್ತೂರಿ ಎಂಬ ಹುಡುಗಿ ಆ ಜಗಳ ಓದಲೆಂದೇ ಓದು ಕಲಿತಳು. ಇದಕ್ಕೆ ಕ್ಷಮೆ ಕೇಳು ಎಂದರೆ — ಕೇಳುವುದಿಲ್ಲ. ಓದು ಕಲಿಯಲಿ ಎಂದು ಕಳಿಸಿದಿರಿ, ಕಲಿತರು. ಯಾವ ಭಾಷೆಯಲ್ಲಿ ಎಂದು ನೀವ್ಯಾರೂ ಕೇಳಿರಲಿಲ್ಲ.

ಮರುವರ್ಷ ನೀವೇ ಬಂದಿರಿ, ಭರತೇಶರ ಜೀಪಿನಲ್ಲಿ. ಮಕ್ಕಳಿಗೆ ಪೆಪ್ಪರ್ಮಿಂಟ್ ಹಂಚಿದಿರಿ. ಆಮೇಲೆ ಮೆಲ್ಲಗೆ ಏನೋ ಹೇಳಿದಿರಿ, ಭರತೇಶರ ಮುಖ ಇಳಿಯಿತು.

"ಮೊಲದ ಪುಸ್ತಕ ಇವರ ಮಗಂದಂತ್ರಿ ಅಕ್ಕಾರ. ಹುಡುಗ ಈಗಿಲ್ಲಂತ. ಮೊದಲನೇ ಹಾಳ್ಯಾಗ ತನ್ನ ಕೈಲೆ ಏನೋ ಬರದಿದ್ನಂತ. ಒಯ್ಯೂದಿಲ್ಲ, ಒಮ್ಮಿ ನೋಡಿ ಕೊಡ್ತಾರಂತ."

ಮೊದಲನೇ ಹಾಳೆ. ಅಲ್ಲಿದ್ದ ಮಸಿಪೆನ್ನಿನ ಸೊಟ್ಟ ಅಕ್ಷರಗಳನ್ನು ನಾನು ಕಂಡಿದ್ದೆ. ಯಾವುದೋ ಮಗುವಿನ ಗೀಚು ಎಂದುಕೊಂಡು ಅದರ ಮೇಲೆ ನನ್ನ ಕತೆಯ ಹೆಸರಿನ ಚೀಟಿ ಅಂಟಿಸಿದ್ದೆ.

"ಗೆದ್ದಲ ಹತ್ತಿ ಹಾಳಾತ್ರಿ," ಎಂದೆ.

ಮುಂದಿನ ಸಾಲಿನಲ್ಲಿದ್ದ ಕಸ್ತೂರಿ ಬಾಯಿ ತೆರೆದಳು. ಹಿಂದಿನ ದಿನವಷ್ಟೇ ಆ ಪುಸ್ತಕ ಅವಳ ಕೈಯಲ್ಲಿತ್ತು. ನಾನು ಅವಳನ್ನು ದಿಟ್ಟಿಸಿದೆ, ಮುಚ್ಚಿಕೊಂಡಳು. ನೀವು ಅಳಲಿಲ್ಲ. ನನ್ನ ಕೈ ಹಿಡಿದು, ಇರಲಿ ಬಿಡು ಎಂಬಂತೆ ತಟ್ಟಿದಿರಿ. ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆ — ಅದು ನನಗೆ ಬರುತ್ತದೆ. ತಟ್ಟಿದಿರಿ.

ನಿಜ ತಿಳಿದರೆ ಮತ್ತೆ ಪುಸ್ತಕ ಬಾರದೆ ಹೋದಾವು, ಮಕ್ಕಳಿಗಾಗಿ ಹಾಗೆಂದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಅಕ್ಕಾರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ನನ್ನ ಮಕ್ಕಳ ಎದುರು ಬಯಲಾಗುವುದು ನನಗೆ ಬೇಕಿರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ನನಗೆ ನನ್ನ ಮಾನ ದೊಡ್ಡದಾಯಿತು.

ಜೀಪು ಹೋದ ಮೇಲೆ ಒದ್ದೆ ಬಟ್ಟೆ ಒತ್ತಿ ಚೀಟಿ ಬಿಡಿಸಿದೆ. ಹಾಳೆಯಲ್ಲಿ ನೀಲಿ ಕಲೆ ಮಾತ್ರ ಉಳಿದಿತ್ತು. ಮಸಿಯೆಲ್ಲ ನನ್ನ ಚೀಟಿಯ ಹಿಂಬದಿಗೆ ಹತ್ತಿಕೊಂಡಿತ್ತು, ಅಕ್ಷರಗಳು ಉಲ್ಟಾ. ಮುಂದಿನ ವಾರ ಬೆಳಗಾವಿಗೆ ಹೋಗಿ ಭರತೇಶರ ಮುಂದೆ ಆ ಚೀಟಿಯನ್ನೂ ಒಂದು ಕೈಗನ್ನಡಿಯನ್ನೂ ಇಟ್ಟು ನಡೆದದ್ದು ಹೇಳಿದೆ. ಅವರು ಕನ್ನಡಿಯಲ್ಲಿ ನೋಡಿ ಓದಿದರು.

"'ಈ ಪುಸ್ತಕ ನಂದು. ಇದರಾಗ ಯಾರೂ ಬರೀಬ್ಯಾಡ್ರಿ.' ಕೆಳಗ ಹೆಸರ ಐತ್ರಿ, ಪೀಟರ್ ಅಂತ." ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಅಡ್ರೆಸ್ ಕೊಡ್ತೇನ್ರಿ ಅಕ್ಕಾರ, ಕಳಿಸಿಬಿಡ್ರಿ," ಎಂದರು.

"ಬ್ಯಾಡ್ರಿ," ಎಂದೆ.

ಮೊದಲ ಸುಳ್ಳು ಬಾಯಿ ತಪ್ಪಿ ಬಂದದ್ದು ಎನ್ನಬಹುದೇನೋ. ಈ 'ಬ್ಯಾಡ್ರಿ' ಹಾಗಲ್ಲ. ಏನು ಬರೆದಿದೆ ಎಂದು ತಿಳಿದ ಮೇಲೆ, ಎಲ್ಲ ಗೊತ್ತಿದ್ದೇ ಅಂದದ್ದು ಅದು.

ಹನ್ನೊಂದು ವರ್ಷ ಕಳೆಯಿತು. ಹೋದ ತಿಂಗಳು ನಿವೃತ್ತಳಾದೆ. ಶಾಲೆಯ ಕೀಲಿಕೈ ಒಪ್ಪಿಸಿ ಸೀದಾ ಫೌಂಡ್ರಿಗೆ ಹೋದೆ. ಭರತೇಶರು ಮೇಜಿನ ಕಡೆ ಕೈ ಮಾಡಿದರು. ನಿಮ್ಮ ಅಡ್ರೆಸ್ಸು ಅವರ ಮೇಜಿನ ಗಾಜಿನ ಕೆಳಗೇ ಇತ್ತು — ಇಷ್ಟು ವರ್ಷವೂ.

ಪುಸ್ತಕ ಕಳಿಸುವುದಿಲ್ಲ, ಬಾಯಿ. ಒಯ್ಯುವುದಿಲ್ಲ ಎಂದು ನೀವೇ ಅಂದಿದ್ದಿರಿ, ಮತ್ತು ಆ ಕಂಡಕ್ಟರನ ಜಗಳ ಓದುವವರು ಇನ್ನೂ ಇದ್ದಾರೆ. ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಒಂದು ಬದಿಗೆ ನನ್ನ ಕನ್ನಡ, ಇನ್ನೊಂದು ಬದಿಗೆ ಪೀಟರನ ಅಕ್ಷರ. ಕನ್ನಡಿ ಎದುರು ಹಿಡಿದು ನೋಡಿ.

ಬರೆಯಬೇಡಿ ಎಂದು ಅವನು ಹೇಳಿದ ಜಾಗದಲ್ಲೇ ಬರೆದವಳು ನಾನು. ಅದನ್ನು ತಿಂದವಳೂ ನಾನೇ. ಗೆದ್ದಲಲ್ಲ.