ಒಂಬತ್ತು ಇಪ್ಪತ್ತಕ್ಕೆ ಗೇಟು ತೆರೆದದ್ದು

ನನ್ನದು ಬಾಯಿ ಬೊಂಬಾಯಿ ಎಂದು ತವರಿನಲ್ಲೂ ಹೇಳುತ್ತಿದ್ದರು, ಗಂಡನ ಮನೆಯಲ್ಲೂ ಹೇಳುತ್ತಾರೆ. ನನ್ನ ಬರವಣಿಗೆಯೂ ಹಾಗೆಯೇ ಎಂದು ಗೊತ್ತಾದದ್ದು ಉಡುಪಿಯ ನಮ್ಮ ವಕೀಲರ ಕಚೇರಿಯಲ್ಲಿ. ನಾನು ಬರೆದುಕೊಂಡು ಹೋದ ಮೊದಲ ಹಾಳೆ ಓದಿ ಅವರು ಕನ್ನಡಕ ತೆಗೆದರು. "ಎಂತ ಮಾರಾಯ್ರೆ ಇದು? ಕೊಬ್ಬಿದವಳು, ಹೊಟ್ಟೆಕಿಚ್ಚಿನವಳು ಅಂತೆಲ್ಲ ಬರೆದರೆ ಜಡ್ಜ್ ಎಂತ ಮಾಡುವುದು? ತಾರೀಕು, ಹೊತ್ತು, ಯಾರು ಎಂತ ಹೇಳಿದರು, ಯಾರು ನೋಡಿದರು. ಅಷ್ಟೇ ಸಾಕು. ಆಯಾ ದಿನವೇ ಬರೆದಿಡಿ."

ಕೊಬ್ಬಿದವಳು ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಕಾಪು ಕಡೆಯ ಶಂಕರಪುರದಲ್ಲಿ ಅವರ ಮನೆ ರಸ್ತೆಗೆ ತಾಗಿ, ನಮ್ಮದು ಅದರ ಹಿಂದೆ. ಪಾಲಾದ ಮೇಲೂ ನಮಗೆ ದಾರಿ ಅವರ ಅಂಗಳದ ಬದಿಯಿಂದಲೇ. ಅತ್ತೆ ಇರುವುದು ನಮ್ಮ ಜೊತೆ. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಕರೆದೊಯ್ಯಬೇಕು. ಅಂಥ ಹೊತ್ತಿನಲ್ಲಿ ಭಾವ ಗೇಟು ಹಾಕಿಸಿ ಬೀಗ ಜಡಿದರು. ನಡೆದು ಹೋಗಲು ಪಕ್ಕದಲ್ಲಿ ಸಂದು ಬಿಟ್ಟಿದ್ದೇವೆ, ವಾಹನಕ್ಕೆ ದಾರಿ ಕೊಡುವುದಿಲ್ಲ ಎಂದರು. ಸ್ವಂತ ತಾಯಿ! ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಿಡುವ ಆ ಜೀವ ರಸ್ತೆಯವರೆಗೆ ನಡೆಯಬೇಕು. ಆಟೋ ನಮ್ಮ ಬಾಗಿಲಿಗೆ ಬರಬೇಕು ಎಂಬುದಕ್ಕೇ ನಮ್ಮ ಕೇಸು. ಗಂಡ ಕಾರ್ಕಳದ ಬಸ್ಸಿನಲ್ಲಿ ಕಂಡಕ್ಟರ್. ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಹಾಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲೆಲ್ಲ ನಾವಿಬ್ಬರೂ ಅವರ ಜಗಲಿಯಲ್ಲೇ ಕುಳಿತು ಮಲ್ಲಿಗೆ ಕಟ್ಟುತ್ತಿದ್ದೆವು. ನನ್ನ ಹೂವು ಮುಗಿಯದಿದ್ದರೆ ಅಕ್ಕ (ನಾನು ಅವಳನ್ನು ಕರೆಯುವುದು ಹಾಗೆ) ತಾನೇ ಕಟ್ಟಿ ಕೊಡುತ್ತಿದ್ದಳು. ಕೇಸು ಹಾಕಿದ ಮೇಲೆ ಅವಳು ಅವಳ ಜಗಲಿಯಲ್ಲಿ, ನಾನು ನನ್ನದರಲ್ಲಿ. ಕೈಯಲ್ಲಿ ಬಾಳೆನಾರು, ಕಣ್ಣು ಗೇಟಿನ ಮೇಲೆ. ಅವಳು ಕೆಮ್ಮಿದರೂ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಜಗಳವಿಲ್ಲದ ದಿನ ನೆಮ್ಮದಿಯಾಗಬೇಕಿತ್ತು. ನನಗೋ ಏನೋ ನಷ್ಟವಾದ ಹಾಗೆ. ಛೇ, ಎಂಥ ಬುದ್ಧಿ ಬಂತು ನನಗೆ! ಒಮ್ಮೆ ವಕೀಲರು "ಈಚೆಗೆ ಎಂತದೂ ಆಗಲಿಲ್ವಾ?" ಎಂದು ಕೇಳಿದ್ದೇ ತಡ, ಮರುದಿನ ಅತ್ತೆಯನ್ನು ಸಂದಿನಲ್ಲಿ ನಿಲ್ಲಿಸಿ, ಬೀಗ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆದೆ.

"ಬಿಸಿಲು ಮಾರಾಯ್ತಿ" ಎಂದರು ಅತ್ತೆ.

"ಒಂದು ನಿಮಿಷ ಅತ್ತೆ, ಸ್ವಲ್ಪ ಈಚೆ ತಿರುಗಿ" ಎಂದೆ.

ಅದಾಗಿ ಸ್ವಲ್ಪ ದಿನಕ್ಕೆ, ಆಸ್ಪತ್ರೆಗೆ ಹೊರಟ ಅತ್ತೆ ನಮ್ಮ ಮೆಟ್ಟಿಲಲ್ಲೇ ಕುಸಿದರು. ನಾನು ಬೊಬ್ಬೆ ಹಾಕಿದೆ. ಅಕ್ಕ ಹೂವು ಬಿಸಾಡಿ ಓಡಿ ಬಂದು, ಬೀಗ ತೆಗೆದು, ಗೇಟು ಪೂರ್ತಿ ತೆರೆದು, ರಸ್ತೆಯಲ್ಲಿ ಕಾಯುತ್ತಿದ್ದ ಆಟೋವನ್ನು ಒಳಗೆ ಕರೆದಳು. ಮಣಿಪಾಲದವರೆಗೆ ಅತ್ತೆಯ ತಲೆ ಅವಳ ಮಡಿಲಲ್ಲಿ, ಕಾಲು ನನ್ನ ಮಡಿಲಲ್ಲಿ. ಇಬ್ಬರ ಕಣ್ಣಲ್ಲೂ ನೀರು. ಕ್ಯಾಂಟೀನಿನಿಂದ ಅವಳೇ ಚಹಾ ತಂದಳು. "ಕುಡಿ. ಬೆಳಿಗ್ಗೆಯಿಂದ ನೀನು ಎಂತದೂ ತಿಂದ ಹಾಗೆ ಕಾಣುವುದಿಲ್ಲ."

ಅತ್ತೆ ಬದುಕಿಕೊಂಡರು. ಮನೆಗೆ ಬಂದು, ಬರೆಯಲೋ ಬೇಡವೋ ಎಂದು ಒದ್ದಾಡಿದೆ. ಗೇಟು ತೆರೆದಳು ಎಂದು ಬರೆದರೆ ನಮ್ಮ ಕೇಸಿಗೇ ಪೆಟ್ಟು ಎಂದರು ಗಂಡ. ಆದರೂ ಬರೆದೆ. ಆ ಒಂದು ದಿನವಾದರೂ ಅವಳಿಗೆ ಅನ್ಯಾಯ ಮಾಡಬಾರದು ಅನ್ನಿಸಿತು. ಮರುದಿನ ನೋಡಿದರೆ ಗೇಟಿಗೆ ಪುನಃ ಬೀಗ.

ಕೆಲವು ವಾರಗಳ ಮೇಲೆ ವಕೀಲರು ಎದುರು ಪಾರ್ಟಿ ಕೋರ್ಟಿಗೆ ಕೊಟ್ಟ ಕಾಗದದ ಪ್ರತಿ ತೋರಿಸಿದರು. ಎಲ್ಲ ಬರೆದಿಡಿ ಎಂದು ಅಕ್ಕನಿಗೂ ಅವಳ ವಕೀಲರು ಹೇಳಿದ್ದರಂತೆ. ಆ ದಿನದ್ದೂ ಅದರಲ್ಲಿತ್ತು. ಒಂಬತ್ತು ಇಪ್ಪತ್ತಕ್ಕೆ ಗೇಟು ತೆರೆದು ಅತ್ತೆಯನ್ನು ಕರೆದೊಯ್ದದ್ದು. ನೋಡಿದವರು, ಕಿರಿಯ ಸೊಸೆ. ಚಹಾ ಕೊಟ್ಟದ್ದು ಕೂಡ! ನನ್ನ ಮೈಯೆಲ್ಲ ಉರಿದುಹೋಯಿತು. "ಅಂಥ ಹೊತ್ತಿನಲ್ಲೂ ಗಂಟೆ ನೋಡಿದ್ದಾಳಲ್ಲ ಸಾರ್, ಮನುಷ್ಯಳಾ ಅವಳು?"

ವಕೀಲರು ನನ್ನ ಹಾಳೆಯನ್ನು ಅದರ ಪಕ್ಕದಲ್ಲಿ ಇಟ್ಟರು. "ನಿಮ್ಮದರಲ್ಲೂ ಒಂಬತ್ತು ಇಪ್ಪತ್ತೇ ಉಂಟು. ಒಳ್ಳೆಯದೇ ಆಯ್ತು. ಆಟೋ ಒಳಗೆ ಬರಲಿಕ್ಕೆ ಆಗುತ್ತದೆ ಅಂತ ಅವರೇ ಒಪ್ಪಿದ ಹಾಗಾಯ್ತು, ಅಲ್ವಾ?"

ಹೌದು, ಉಂಟು. ಅತ್ತೆ ಕುಸಿದಾಗ, ಬೊಬ್ಬೆ ಹಾಕುವ ಮೊದಲೇ ನಾನು ಗೋಡೆಯ ಗಡಿಯಾರ ನೋಡಿದ್ದೆ. ಬೊಂಬಾಯಿಯಂಥ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಕೇಸು ಇನ್ನೂ ನಡೆಯುತ್ತಲೇ ಇದೆ. ಮೊನ್ನೆ ಆಸ್ಪತ್ರೆಗೆ ಹೊರಟಾಗ ಅಕ್ಕ ಅವರ ಜಗಲಿಯಲ್ಲಿ ಕುಳಿತು ನಮ್ಮನ್ನೇ ನೋಡುತ್ತಿದ್ದಳು. ಅತ್ತೆ ಮೆಟ್ಟಿಲಿಳಿದು, ನನ್ನ ಕೈ ಹಿಡಿದು, ಮೆಲ್ಲಗೆ ಕೇಳಿದರು.

"ಹೇಗೆ ನಡೆಯಲಿ ಮಗಾ? ಹೇಗೆ ನಡೆದರೆ ನಿಮ್ಮ ಕೇಸಿಗೆ ಒಳ್ಳೆಯದು?"

ಕುಹಕದಲ್ಲಿ ಕೇಳಿದ್ದಲ್ಲ. ಪಾಪ, ನಮಗೆ ಸಹಾಯವಾಗಲಿ ಎಂದೇ ಕೇಳಿದರು.