ಮಂಚದ ಕೆಳಗಿನ ಇಟ್ಟಿಗೆ

ಟೆಂಪೊದಿಂದ ಇಳಿಸಿದ ಅತ್ತೆಯ ಮಂಚದ ಕಾಲುಗಳಿಂದ ಇವತ್ತಿಗೂ ಕೆಸರಿನ ವಾಸನೆ ಬರುತ್ತದೆ. ಮರಕ್ಕೆ ಅಷ್ಟು ಜ್ಞಾಪಕಶಕ್ತಿ ಇರಲಾರದು, ಬಹುಶಃ ನನ್ನ ಮೂಗಿನ ಕಲ್ಪನೆ. ಪುರಾವೆಯಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ಊರಿಗೆಲ್ಲ ಉಪದೇಶ ಮಾಡುವವನು ನಾನು. ಮೊದಲ ಸಾಲಿನಲ್ಲೇ ಜಾರಿದೆ ನೋಡಿ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನನ್ನ ಸೋದರತ್ತೆ-ಮಾವನ ಮನೆ ನಾಲೆಯ ಪಕ್ಕದ ಕಟ್ಟಡದ ನೆಲಮಹಡಿಯಲ್ಲಿತ್ತು. ಆ ಜುಲೈಯ ಮಹಾಮಳೆಯಲ್ಲಿ (ಯಾವುದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ) ನೀರು ಕಿಟಕಿಯ ಮಟ್ಟಕ್ಕೆ ಬಂತು. ಇಳಿದ ಮೇಲೆ ಗೋಡೆಯಲ್ಲಿ ಉಳಿದ ಕಂದು ಗೆರೆ ಎಷ್ಟು ಬಣ್ಣ ಬಳಿದರೂ ಹೋಗಲಿಲ್ಲ. ಅಂದಿನಿಂದ ಅತ್ತೆಗೊಂದು ವ್ರತ: ಮೇ ಮುಗಿಯುತ್ತಲೇ ಮಂಚ, ಕಪಾಟು, ಅಕ್ಕಿ ಡಬ್ಬಿ ಎಲ್ಲದರ ಕೆಳಗೂ ಇಟ್ಟಿಗೆ. ತೆಗೆಯುವುದು ದೀಪಾವಳಿಗೆ. ಮಳೆಗಾಲದುದ್ದಕ್ಕೂ ಅವರು ಎದ್ದೊಡನೆ ಕಾಲು ಇಳಿಸುತ್ತಿರಲಿಲ್ಲ. ಮೊದಲು ಕೈ ಚಾಚಿ ನೆಲ ಮುಟ್ಟಿ ನೋಡುತ್ತಿದ್ದರು.

ನಾನಾಗ ಕನ್ನಡ ಸಂಘದ ಚರ್ಚಾಸ್ಪರ್ಧೆಗಳ ಹುಲಿ. ಅಲ್ಲಿ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆಯೇ ಗೊತ್ತಾಗುವುದು. ಹೀಗಾಗಿ ಯಾವ ಕಡೆ ನಿಲ್ಲಿಸಿದರೂ ಬಾಯಿ ಓಡುತ್ತಿತ್ತು. ಭಾನುವಾರ ಅತ್ತೆಯ ಮನೆಯಲ್ಲಿ ಅದಕ್ಕೆ ತಾಲೀಮು.

"ಇದೆಲ್ಲ ಮನುಷ್ಯರು ಮಾಡಿಕೊಂಡದ್ದು ಮಾರಾಯ," ಎನ್ನುತ್ತಿದ್ದರು ಥಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ಮಾವ. "ಕಾರು, ಕಾರ್ಖಾನೆ, ಹೊಗೆ. ಆಕಾಶಕ್ಕೇ ಜ್ವರ ಬಂದುಂಟು."

"ಒಂದು ಮಳೆ ನೋಡಿ ಹಾಗೆ ಹೇಳ್ಲಿಕ್ಕಾಗುದಿಲ್ಲ ಮಾವ. ಹಿಂದೆಯೂ ಇಂಥದ್ದು ಸುರಿದಿರಬಹುದು. ನಾಲೆಗೆ ಪ್ಲಾಸ್ಟಿಕ್ ತುಂಬಿದ್ದು ಮನುಷ್ಯ, ಒಪ್ಪಿದೆ. ಮೋಡವೂ ಅವನದ್ದೇ ಅನ್ಬೇಕಾದ್ರೆ ದಶಕಗಟ್ಟಲೆ ದಾಖಲೆ ಬೇಕು."

"ಅಷ್ಟರ ತನಕ ನಾವು ಈಜುದಾ?"

ಕಾಯಿ ತುರಿಯುತ್ತಿದ್ದ ಅತ್ತೆಯದು ಒಂದೇ ಪ್ರಶ್ನೆ. "ಅದೆಲ್ಲ ಇರ್ಲಿ. ಪುನಃ ಬರ್ತದಾ, ಇಲ್ವಾ? ಬರುದಾದ್ರೆ ಮೇಲಿನ ಮಾಳಿಗೆಗೆ ಹೋಗುವ."

"ಹೇಳ್ಲಿಕ್ಕಾಗುದಿಲ್ಲ ಅತ್ತೆ."

"ನೋಡುವ," ಎನ್ನುತ್ತಿದ್ದರು ಮಾವ. ನೋಡುತ್ತಲೇ ವರ್ಷಗಳು ಹೋದವು.

ನನ್ನ ಉತ್ತರ ಪ್ರಾಮಾಣಿಕವಾದದ್ದೇ. ಬಿಸಿಯಾದ ಗಾಳಿ ಹೆಚ್ಚು ನೀರು ಹೊರುತ್ತದೆ, ಜಡಿಮಳೆಯ ಸಾಧ್ಯತೆಯನ್ನು ನಾವೇ ಹೆಚ್ಚಿಸಿದ್ದೇವೆ ಎಂಬುದನ್ನು ಆಮೇಲೆ ಓದಿ ಒಪ್ಪಿದೆ. ಒಪ್ಪಿದೆನೆಂದು ಹೇಳೋಣವೆಂದರೆ ಅಷ್ಟರಲ್ಲಿ ಮಾವ ಇರಲಿಲ್ಲ. ಎದುರಾಳಿಯಿಲ್ಲದ ಚರ್ಚೆಯಲ್ಲಿ ಸೋಲುವುದಕ್ಕೂ ಬರುವುದಿಲ್ಲ. ಆದರೆ ಇಂಥ ಜುಲೈಗೆ, ಇಂಥ ಬೀದಿಗೆ ನೀರು ಬರುತ್ತದೆ ಎಂದು ಈಗಲೂ ಯಾರೂ ಹೇಳಲಾರರು. ಅತ್ತೆಗೆ ಬೇಕಾಗಿದ್ದದ್ದು ಅದೊಂದೇ.

ಈಗ ಅವರು ಪಕ್ಕದ ಊರು ಕಲ್ಯಾಣದ ನನ್ನ ಮನೆಗೇ ಬಂದಿದ್ದಾರೆ. ಮಂಚದ ಜೊತೆಗೆ ಒಂದು ಗೋಣಿಯೂ ಇಳಿಯಿತು. ಒಳಗೆ ಇಟ್ಟಿಗೆ.

"ಅತ್ತೆ, ಇದು ಮೂರನೇ ಮಾಳಿಗೆ. ಇಲ್ಲಿಗೆ ನೀರು ಬರುದಿಲ್ಲ."

"ಖಂಡಿತಾ?"

"ಖಂಡಿತಾ."

ಇಷ್ಟು ವರ್ಷಗಳಲ್ಲಿ ನಾನು ಅವರಿಗೆ ಕೊಟ್ಟ ಮೊದಲ ನೇರ ಉತ್ತರ. ಅತ್ತೆ ತಲೆಯಾಡಿಸಿದರು, ಗೋಣಿಯ ಬಾಯಿ ಬಿಚ್ಚಿದರು. "ಸರಿ. ಆ ಕಡೆ ಸ್ವಲ್ಪ ಎತ್ತು."

ಎತ್ತಿದೆ. ಸಂಜೆಗೆ ಹಿಡಿದ ಮಳೆ ಬಿಡಲಿಲ್ಲ. ಬೆಳಿಗ್ಗೆ ನನ್ನ ಹಾಸಿಗೆಯಿಂದ ಏಳುವಾಗ, ಕಾಲಿಡುವ ಮೊದಲು, ನನ್ನ ಕೈ ತಾನಾಗಿ ಕೆಳಗೆ ಹೋಗಿ ನೆಲ ಮುಟ್ಟಿತು. ಒಣಗಿಯೇ ಇತ್ತು.